ಭಾವ ಭಾಮೈದರ ಜೀಪು

ನಾನು ಒಂದು ಜೀಪು. ನನ್ನ ಮಾತನ್ನು ನಂಬಲೇಬೇಕು ಅಂತ ನಾನೇನೂ ಹೇಳುವುದಿಲ್ಲ. ನಾನೂ ಯಾರ ಮಾತನ್ನೂ ನಂಬಿದವನಲ್ಲ. ಹುಟ್ಟಿದ ಕಡೆಯೇ ಹಾಗಿತ್ತು. ಕಬ್ಬಿಣದ ತಗಡು ಬಾಗಿಸಿ, ಬೆಸೆದು, ಹಸಿರು ಬಣ್ಣ ಹೊಡೆದು ನಾಲ್ಕು ಚಕ್ರದ ಮೇಲೆ ನಿಲ್ಲಿಸಿದರಲ್ಲ, ಬಣ್ಣ ಒಣಗುವ ಮೊದಲೇ ಒಬ್ಬ ಬಂದು ಸುತ್ತಿಗೆಯಿಂದ ನನ್ನ ಪಕ್ಕೆಗೆ ಟಣ್ಣಂತ ಕುಟ್ಟಿ ಕಿವಿಗೊಟ್ಟು ಕೇಳಿದ. ಸರಿಯಾಗಿದೆ ಅಂದ. ಅವನ ಹಿಂದೆಯೇ ಇನ್ನೊಬ್ಬ ಬಂದು ಅದೇ ಜಾಗಕ್ಕೆ ಕುಟ್ಟಿದ. ಮೊದಲಿನವನ ಕಿವಿ ಮೇಲೆ ಎರಡನೆಯವನಿಗೆ ನಂಬಿಕೆ ಇರಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದವನು ಇನ್ನು ಹೇಗಿರುತ್ತಾನೆ, ನೀವೇ ಹೇಳಿ.

ಮನುಷ್ಯರ ಮುಖ ನೋಡಿ ತೀರ್ಮಾನ ಮಾಡುವ ಅಭ್ಯಾಸ ನನಗಿಲ್ಲ. ನನ್ನ ಕಣ್ಣೆರಡೂ ಅವರ ಮೊಣಕಾಲಿನ ಮಟ್ಟದಲ್ಲಿವೆ. ಹಾಗಾಗಿ ನನಗೆ ಕಾಲಿನ ಗುರುತೇ ಜಾಸ್ತಿ. ಬಾಯಿ ಚೆಂದಾಗಿ ನಗುತ್ತಾ ಮಾತಾಡುತ್ತಿರುತ್ತೆ, ಇತ್ತ ಹೆಬ್ಬೆರಳು ಸುಮ್ಮನೆ ನೆಲ ಕೆರೆಯುತ್ತಿರುತ್ತೆ. ಅಲ್ಲೇನೋ ಮರೆಮಾಚುತ್ತಿದ್ದಾರೆ ಅಂತ ನನಗೆ ಗೊತ್ತಾಗಿಬಿಡುತ್ತೆ.

ಮೊದಲು ಒಂದು ಸರ್ಕಾರಿ ಕಚೇರಿಯಲ್ಲಿದ್ದೆ. ಅಲ್ಲಿ ಓಡಿದ್ದಕ್ಕಿಂತ ನೆರಳಲ್ಲಿ ನಿಂತದ್ದೇ ಹೆಚ್ಚು, ದೂರಲು ಏನೂ ಇಲ್ಲ. ಆಮೇಲೆ ಹರಾಜಿನಲ್ಲಿ ಸಮುದ್ರದ ಕಡೆಯ ಮೀನಿನ ವ್ಯಾಪಾರಿಯೊಬ್ಬನ ಪಾಲಾದೆ. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿ. ಐಸ್ ಪೆಟ್ಟಿಗೆಯಿಂದ ಉಪ್ಪುನೀರು ಹಗಲೂ ರಾತ್ರಿ ನನ್ನ ನೆಲದ ತಗಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ತುಕ್ಕು ಒಂದೇ ಸಲಕ್ಕೆ ಬರುವುದಿಲ್ಲ. ಮೊದಲು ಬಣ್ಣದ ಕೆಳಗೆ ಸಾಸಿವೆಯಷ್ಟು ಗುಳ್ಳೆ ಏಳುತ್ತೆ. ಏನೋ ಬೆವರುಸಾಲೆ ಅಂದುಕೊಂಡು ಸುಮ್ಮನಿರುತ್ತೇವೆ. ಒಂದು ದಿನ ಗುಳ್ಳೆ ಒಡೆದರೆ ಒಳಗೆ ಕಬ್ಬಿಣವೇ ಇರುವುದಿಲ್ಲ, ಬರೀ ಕೆಂಪು ಪುಡಿ.

ಆ ವ್ಯಾಪಾರಿ ತೂತುಗಳಿಗೆ ಬೆಸುಗೆ ಹಾಕಿಸಿದನೇ? ಇಲ್ಲ. ತಗಡಿಗೆ ಪುಟ್ಟಿ ಮೆತ್ತಿಸಿ, ಮೇಲೆ ಹೊಳೆಯುವ ಬಿಳಿ ಬಣ್ಣ ಹೊಡೆಸಿದ. ಕೆಳಗೆ ನನ್ನ ಬೆನ್ನೆಲುಬಾದ ಚಾಸಿಗೆ ದಪ್ಪಗೆ ಕಪ್ಪು ಡಾಂಬರು ಬಳಿಸಿದ. ಆಮೇಲೆ ಯಾರೋ ಇಬ್ಬರನ್ನು ಕರೆದುಕೊಂಡು ಬಂದು, 'ಮನೆ ಮಗನ ಹಾಗೆ ನೋಡಿಕೊಂಡ ಗಾಡಿ' ಅಂದ. ಅವನ ಹೆಬ್ಬೆರಳು ನೆಲ ಕೆರೆಯುತ್ತಿತ್ತು.

ಬಂದವರಲ್ಲಿ ಒಬ್ಬನ ಕಾಲಲ್ಲಿ ಟೈರಿನ ಚಪ್ಪಲಿ, ಹಿಮ್ಮಡಿ ತುಂಬ ಬಿರುಕು. ಅವನು ಗುರುಮಲ್ಲಪ್ಪ. ಇನ್ನೊಬ್ಬನದು ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಒಂದು ಕಡೆ ನಿಲ್ಲದ ಕಾಲು. ಅವನು ಗುರುಮಲ್ಲಪ್ಪನ ಹೆಂಡತಿಯ ತಮ್ಮ ನಿರಂಜನ. ಇಬ್ಬರೂ ಅರ್ಧರ್ಧ ಹಾಕಿ ನನ್ನನ್ನು ಕೊಳ್ಳಲು ಹನೂರಿನ ಆಚೆಯ ಕಾಡಂಚಿನ ಊರಿಂದ ಅಷ್ಟು ದೂರ ಬಂದಿದ್ದರು. ಒಬ್ಬನಾದರೂ ಬಗ್ಗಿ ನನ್ನ ಹೊಟ್ಟೆ ನೋಡಬೇಡವೇ? ಭಾವ ನೋಡಿರ್ತಾರೆ ಅಂತ ಭಾಮೈದ, ಭಾಮೈದ ನೋಡಿರ್ತಾನೆ ಅಂತ ಭಾವ. ಅಲ್ಲೇ ನನಗೆ ಇವರಿಬ್ಬರ ಮೇಲೆ ಗುಮಾನಿ ಹುಟ್ಟಿತು.

ಅವರ ಊರ ಹಿಂದೆ ಗೆಜ್ಜೆಬೋರೆ ಅಂತ ಒಂದು ಬೆಟ್ಟ. ತುದಿಯಲ್ಲಿ ಕಾಡಿನ ಜನರ ಒಂದು ಹಾಡಿ, ಒಂದು ಸಣ್ಣ ಸ್ಕೂಲು. ಹೋಗಲು ಕಲ್ಲುಮಣ್ಣಿನ ಕಡಿದಾದ ದಾರಿ, ಒಂದು ಕಡೆ ಗೋಡೆಯ ಹಾಗೆ ಎದ್ದ ದರೆ, ಇನ್ನೊಂದು ಕಡೆ ಪಾತಾಳ. ಬಸ್ಸು ಹತ್ತದು, ಆಟೋ ಹತ್ತದು. ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ನನ್ನಂಥವನು ಮಾತ್ರ ಹತ್ತಬೇಕು. ರೇಷನ್ ಅಕ್ಕಿ ಮೇಲಕ್ಕೆ, ಹುಣಸೆಹಣ್ಣು ಜೇನು ಕೆಳಕ್ಕೆ, ಕಾಯಿಲೆ ಬಿದ್ದವರು ಕೆಳಕ್ಕೆ, ವಾಸಿಯಾದವರು ಮೇಲಕ್ಕೆ. ದಿನಾ ತಪ್ಪದೆ ಹತ್ತುತ್ತಿದ್ದವಳು ಒಬ್ಬಳೇ, ಚೆನ್ನಾಜಮ್ಮ. ಗುರುಮಲ್ಲಪ್ಪನ ಹೆಂಡತಿ, ನಿರಂಜನನ ಅಕ್ಕ. ಮೇಲಿನ ಸ್ಕೂಲಿನಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವ ಕೆಲಸ ಅವಳದು. ಸೊಪ್ಪಿನ ಚೀಲ ಮಡಿಲಲ್ಲಿ ಇಟ್ಟುಕೊಂಡು ಮುಂದಿನ ಎಡಗಡೆ ಸೀಟಿನಲ್ಲಿ ಕೂರುತ್ತಿದ್ದಳು, ಇಳಿಯುವಾಗ ದರೆ ಅವಳ ಕಡೆಗೆ ಬರುತ್ತಿತ್ತು. ಇವಳು ಯಾರ ಪಕ್ಷವೋ ಅಂತ ಮೊದಮೊದಲು ಅವಳ ಮೇಲೂ ನನಗೆ ಅನುಮಾನವಿತ್ತು. ಪಾಪ, ಅವಳು ಯಾರ ಪಕ್ಷವೂ ಆಗಿರಲಿಲ್ಲ.

ಬಂದ ಮೊದಲ ಮಳೆಗಾಲಕ್ಕೇ ನನ್ನ ಗುಟ್ಟು ರಟ್ಟಾಯಿತು. ಅಕ್ಕಿ ಮೂಟೆ ಎತ್ತಿಹಾಕಿದ ರಭಸಕ್ಕೆ ನೆಲದ ತಗಡು ಕಿತ್ತು ಮೂಟೆ ಅರ್ಧ ಕೆಳಗಿಳಿಯಿತು. ನೀನೇ ಬಿಳಿ ಬಣ್ಣ ನೋಡಿ ಬಾಯಿ ಬಿಟ್ಟಿದ್ದು ಅಂತ ಭಾವ, ನೀವೇ ಇವತ್ತೇ ಕೊಂಡ್ಕಳವ ಅಂತ ಹಟ ಹಿಡಿದದ್ದು ಅಂತ ಭಾಮೈದ. ಜಗಳ ಬೀದಿಗೆ ಬಂತು. ಚೆನ್ನಾಜಮ್ಮ ಒಲೆ ಮುಂದಿನಿಂದ ಎದ್ದು ಬಂದಳು.

"ಒಂದ್ ವಾರ ಅವ್ರು ಓಡುಸ್ಲಿ, ಒಂದ್ ವಾರ ನೀನು ಓಡ್ಸು. ಯಾರ ವಾರದಲ್ಲಿ ಏನ್ ಕೆಡ್ತದೋ ಅವ್ರೇ ರಿಪೇರಿ ಮಾಡುಸ್ಬೇಕು. ಇನ್ಮೇಲೆ ನನ್ ಮುಂದ್ಕೆ ಈ ಪಂಚಾಯ್ತಿ ತರ್ಬ್ಯಾಡಿ," ಅಂದಳು.

ಕೇಳಲು ಎಷ್ಟು ನ್ಯಾಯವಾಗಿದೆ ಅಲ್ಲವೇ? ಊರೇ ತಲೆದೂಗಿತು. ಅಲ್ಲಿಂದ ಮುಂದೆ ನನ್ನನ್ನು ರಿಪೇರಿ ಮಾಡುವವರೇ ಇಲ್ಲವಾದರು. ಕೆಟ್ಟದ್ದನ್ನು ಸರಿಮಾಡುವ ಬದಲು, ತನ್ನ ವಾರ ಮುಗಿಯುವ ತನಕ ಅದು ಕೆಟ್ಟಿದೆ ಅಂತ ಗೊತ್ತಾಗದ ಹಾಗೆ ನೋಡಿಕೊಂಡರೆ ಸಾಕಾಗಿತ್ತು. ನೆಲದ ತೂತಿಗೆ ಹಲಗೆ ಬಂತು, ಹಲಗೆಯ ಮೇಲೆ ಗೋಣಿ ಬಂತು. ಸೈಲೆನ್ಸರ್ ತೂತಾದರೆ ಎಣ್ಣೆ ಡಬ್ಬದ ತಗಡು ಸುತ್ತಿ ತಂತಿ ಬಿಗಿದರು. ಸ್ಪ್ರಿಂಗಿನ ಒಂದು ಪಟ್ಟಿ ಸೀಳಿದರೆ ಸೈಕಲ್ ಟ್ಯೂಬು ಸುತ್ತಿ, ಮೇಲೆ ಕೆಸರು ಮೆತ್ತಿದರು. ಕೈಬ್ರೇಕು ಯಾರ ವಾರದಲ್ಲಿ ಸತ್ತಿತು ಅನ್ನುವುದಂತೂ ಇವತ್ತಿಗೂ ತೀರ್ಮಾನವಾಗಿಲ್ಲ.

ಭಾನುವಾರ ಸಂಜೆ ಬೀಗದ ಕೈ ಕೊಡುವ ಹೊತ್ತು ನೀವು ನೋಡಬೇಕಿತ್ತು. ಹೆಣ್ಣು ನೋಡುವ ಶಾಸ್ತ್ರದಂತೆ ನಡೆಯುತ್ತಿತ್ತು. ತಗೊಳ್ಳುವವನು ಸುತ್ತ ಸುತ್ತುತ್ತಿದ್ದ, ಟೈರು ಒದೆಯುತ್ತಿದ್ದ, ಇಂಜಿನ್ ಶುರುಮಾಡಿ ತಲೆ ಓರೆ ಮಾಡಿ ಕೇಳುತ್ತಿದ್ದ. ಕೊಡುವವನು ಮಾತಾಡುತ್ತಾ ಮಾತಾಡುತ್ತಾ ಎಲ್ಲಿ ತೂತಿದೆಯೋ ಅದಕ್ಕೆ ಅಡ್ಡ ನಿಲ್ಲುತ್ತಿದ್ದ. 'ಏನೂ ತೊಂದ್ರೆ ಇಲ್ಲ ಕನ' ಅಂತ ಒಬ್ಬ ಅಂದರೆ, 'ಗೊತ್ತು ಬುಡಿ ಭಾವ' ಅಂತ ಇನ್ನೊಬ್ಬ. ಇಬ್ಬರ ಹೆಬ್ಬೆರಳೂ ನೆಲ ಕೆರೆಯುತ್ತಿದ್ದವು.

ಇದೆಲ್ಲ ನಗುವ ವಿಷಯವೇ. ಬ್ರೇಕಿನ ವಿಷಯ ಹಾಗಲ್ಲ.

ಕಾಲಲ್ಲಿ ಬ್ರೇಕ್ ತುಳಿದಾಗ ಬಾನೆಟ್ಟಿನೊಳಗಿನ ಸಣ್ಣ ಡಬ್ಬದಿಂದ ಆಯಿಲ್ ಹೊರಟು, ಪೆನ್ಸಿಲಿಗಿಂತ ತೆಳುವಾದ ಕಬ್ಬಿಣದ ಪೈಪಿನಲ್ಲಿ ಹರಿದು ಚಕ್ರಗಳನ್ನು ಹಿಡಿಯಬೇಕು. ಆ ಪೈಪು ನನ್ನ ಚಾಸಿಯ ಉದ್ದಕ್ಕೂ, ಆ ಮೀನಿನವನು ಬಳಿದ ಡಾಂಬರಿನ ಅಡಿಯಲ್ಲಿ ಇತ್ತು. ಡಾಂಬರು ಮೇಲೆ ಮಿರಮಿರ ಅನ್ನುತ್ತಿತ್ತು, ಅಡಿಯಲ್ಲಿ ತುಕ್ಕು ತಿನ್ನುತ್ತಲೇ ಇತ್ತು. ಒಂದು ಕಡೆ ಪೈಪು ಬೆವರತೊಡಗಿತು. ಆಯಿಲ್ ಹನಿ ಹನಿಯಾಗಿ ಹೋಗುತ್ತಿತ್ತು.

ಗುರುಮಲ್ಲಪ್ಪ ಅದನ್ನು ಕಂಡುಹಿಡಿದ. ಇದು ಭಾಮೈದನ ವಾರದಲ್ಲೇ ಶುರುವಾದದ್ದು, ನಾನೇಕೆ ಸರಿಮಾಡಿಸಲಿ ಅಂದುಕೊಂಡ. ತನ್ನ ವಾರ ಮುಗಿಯುವ ಭಾನುವಾರ, ನಿರಂಜನ ಬರುವ ಮೊದಲು, ಬಾನೆಟ್ ಎತ್ತಿ ಗುಟ್ಟಾಗಿ ಆಯಿಲ್ ತುಂಬಿಸಿಟ್ಟ. ಡಬ್ಬ ಖಾಲಿ ಕಂಡರೆ ಅವನು ಕೇಳುತ್ತಾನಲ್ಲ, ಅದಕ್ಕೆ. ಆಚೆ ಭಾನುವಾರ ಗಾಡಿ ವಾಪಸು ಬಂದಾಗ ನೋಡುತ್ತಾನೆ, ಡಬ್ಬ ತುಂಬಿಯೇ ಇದೆ. ಪರವಾಗಿಲ್ಲ, ಒಂದು ಸಲ ಹಾಕಿದರೆ ಹದಿನೈದು ದಿನ ಆರಾಮಾಗಿ ಬರುತ್ತೆ ಅಂತ ಲೆಕ್ಕ ಹಾಕಿಕೊಂಡ.

ಡಬ್ಬ ಯಾಕೆ ತುಂಬಿತ್ತು ಗೊತ್ತೇ? ನಿರಂಜನನೂ ಅದನ್ನು ಕಂಡುಹಿಡಿದಿದ್ದ. ಇದು ಭಾವನ ವಾರದ ಕೆಡುಕು ಅಂದುಕೊಂಡಿದ್ದ. ತನ್ನ ಭಾನುವಾರ, ಭಾವ ಬರುವ ಮೊದಲು, ಅದೇ ಬಾನೆಟ್ ಎತ್ತಿ ಅವನೂ ಗುಟ್ಟಾಗಿ ತುಂಬಿಸುತ್ತಿದ್ದ. ಅವನ ಲೆಕ್ಕವೂ ಹದಿನೈದು ದಿನವೇ. ನಿಜಕ್ಕೂ ಆ ಆಯಿಲ್ ಒಂದು ವಾರಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಇದು ಗೊತ್ತಿದ್ದದ್ದು ನನಗೊಬ್ಬನಿಗೇ, ನನ್ನನ್ನು ಕೇಳುವವರು ಯಾರು? ದಿನಾ ಬೆಳಿಗ್ಗೆ ಚೆನ್ನಾಜಮ್ಮ ಸೊಪ್ಪಿನ ಚೀಲ ಹಿಡಿದು ಹತ್ತಿ ಕೂತಾಗ ನಾನು ನನ್ನ ಅಡಿಯಲ್ಲಿ ಬೀಳುವ ಹನಿ ಎಣಿಸುತ್ತಿದ್ದೆ.

ಒಂದು ಭಾನುವಾರ ನಿರಂಜನ ಬರಲಿಲ್ಲ. ಹೆಂಡತಿಯ ಕಡೆ ಮದುವೆ ಅಂತ ಕೊಳ್ಳೇಗಾಲಕ್ಕೆ ಹೋಗಿದ್ದ. ಗುರುಮಲ್ಲಪ್ಪನೇ ಇನ್ನೊಂದು ವಾರ ಓಡಿಸುವುದು ಅಂತಾಯಿತು. ಬೀಗದ ಕೈ ಕೈಬದಲಾಗದ ಮೇಲೆ ಯಾರ ಕಣ್ಣಿಗೆ ಮಣ್ಣೆರಚಬೇಕು? ಅವನು ಬಾನೆಟ್ಟೇ ಎತ್ತಲಿಲ್ಲ. ಹೋದ ಭಾನುವಾರ ಡಬ್ಬ ತುಂಬಿಯೇ ಇತ್ತಲ್ಲ, ಇನ್ನೂ ಒಂದು ವಾರ ಬರುತ್ತೆ ಅನ್ನುವ ಧೈರ್ಯ ಬೇರೆ.

ಆ ವಾರದ ನಡುವೆ ಒಂದು ಮಧ್ಯಾಹ್ನ ನಾವು ಬೋರೆ ಇಳಿಯುತ್ತಿದ್ದೆವು. ಹಿಂದೆ ಹುಣಸೆ ಮೂಟೆಗಳ ಮೇಲೆ ಒಬ್ಬ ಮುದುಕಿ, ಮುಂದೆ ಬಿಸಿಯೂಟದ ಪಾತ್ರೆಗಳ ಜೊತೆ ಚೆನ್ನಾಜಮ್ಮ. ತಿರುವಿನಲ್ಲಿ ಗುರುಮಲ್ಲಪ್ಪ ಬ್ರೇಕ್ ತುಳಿದ. ಪೈಪು ಒಡೆದೇ ಹೋಯಿತು, ಡಬ್ಬದ ತಳದಲ್ಲಿ ಉಳಿದಿದ್ದ ಚೂರು ಆಯಿಲ್ಲೂ ಸೋರಿಹೋಯಿತು. ಪೆಡಲು ಸೀದಾ ನೆಲ ಮುಟ್ಟಿತು. ಎತ್ತಿ ಮತ್ತೆ ತುಳಿದ. ಏನೂ ಇಲ್ಲ. ಕೈಬ್ರೇಕು ಎಳೆದ. ಅದು ಸತ್ತಿತ್ತಲ್ಲ. ಗೇರು ಇಳಿಸಿದ, ನನ್ನೊಳಗೆ ಹಲ್ಲುಗಳು ಕಟಕಟ ಕಡಿದವು. ವೇಗ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಬಲಕ್ಕೆ ಪಾತಾಳ, ಎಡಕ್ಕೆ ದರೆ. ಉಳಿಯಬೇಕಾದರೆ ದರೆಗೆ ಉಜ್ಜಬೇಕು. ದರೆಯ ಕಡೆ ಕೂತಿದ್ದವಳು ಅವನ ಹೆಂಡತಿ.

"ಒಳಕ್ ಬಾ," ಅಂತ ಕೂಗಿ ಅವನು ಸ್ಟೀರಿಂಗ್ ಎಡಕ್ಕೆ ತಿರುಗಿಸಿದ.

ನಾನು ಪಕ್ಕೆಯನ್ನು ದರೆಗೆ ಒರೆಸುತ್ತಾ ಹೋಗಿ ಒಂದು ಬಂಡೆಗೆ ತಾಗಿ ನಿಂತೆ. ಮುದುಕಿಗೆ ಏನೂ ಆಗಲಿಲ್ಲ. ಚೆನ್ನಾಜಮ್ಮನ ಎಡಗೈ ದರೆಗೂ ನನಗೂ ನಡುವೆ ಸಿಕ್ಕಿ ಎರಡು ಕಡೆ ಮುರಿಯಿತು. ಅವಳು ಅಳಲಿಲ್ಲ. ಚೆಲ್ಲಿದ ಪಾತ್ರೆಗಳನ್ನು ಬಲಗೈಯಲ್ಲಿ ಎತ್ತಿಡಲು ಹೋದಳು.

ನನ್ನನ್ನು ಟ್ರ್ಯಾಕ್ಟರಿನಲ್ಲಿ ಎಳೆದು ತಂದು ಮನೆ ಮುಂದಿನ ಹೊಂಗೆಮರದ ಕೆಳಗೆ ಬಿಟ್ಟರು. ಸುದ್ದಿ ಕೇಳಿ ನಿರಂಜನ ಓಡಿಬಂದ. ಚೆನ್ನಾಜಮ್ಮ ಕೈಗೆ ಪಟ್ಟಿ ಕಟ್ಟಿಸಿಕೊಂಡು ಜಗಲಿ ಮೇಲೆ ಕೂತಿದ್ದಳು. ನಿರಂಜನ ಅಂಗಾತ ಮಲಗಿ ನನ್ನ ಅಡಿಗೆ ತೆವಳಿದ.

"ಪೈಪ್ ಒಡ್ದೋಗದೆ ಭಾವ," ಅಂದ ಅಲ್ಲಿಂದಲೇ.

"ಒಡೀದೆ ಇನ್ನೇನಾದದು? ನಿನ್ ವಾರದಲ್ಲೇ ಸೋರ್ತಿತ್ತು ಕನ. ನಾನಾಗಿದ್ಕೆ ಆಯಿಲ್ ಹಾಕಿ ಹಾಕಿ ಕಾಪಾಡ್ಕ ಬಂದೆ. ಹಾಕುದ್ರೆ ಹದಿನೈದ್ ದಿನ ಬತ್ತಿತ್ತು, ಈ ಸಲ ಅದ್ಯಾಕ್ ಬರ್ನಿಲ್ವೋ."

ಹೊರಗೆ ಚಾಚಿದ್ದ ನಿರಂಜನನ ಕಾಲುಗಳು ಮೊದಲ ಸಲ ಅಲ್ಲಾಡದೆ ಬಿದ್ದಿದ್ದವು.

"ನೀವೂ ಹಾಕ್ತಿದ್ರಾ ಭಾವ?" ಅಂದ.

ಗುರುಮಲ್ಲಪ್ಪನಿಗೆ ಅರ್ಥವಾಯಿತು. ಅವನು ನನ್ನ ಮಡ್ಗಾರ್ಡಿನ ಮೇಲೆ ಕೈಯೂರಿ ಹಾಗೇ ಕೆಳಗೆ ಕೂತುಬಿಟ್ಟ. ಜಗಲಿ ಮೇಲಿದ್ದವಳಿಗೂ ಅರ್ಥವಾಯಿತು. ಅವಳು ಗಂಡನನ್ನೂ ನೋಡಿದಳು, ತಮ್ಮನ ಕಾಲನ್ನೂ ನೋಡಿದಳು.

"ಇಬ್ರಿಗೂ ಗೊತ್ತಿತ್ತು," ಅಂದಳು. ದನಿ ಏರಿರಲಿಲ್ಲ. "ಅವ್ರ ವಾರದಲ್ಲೂ ನಾನು ಇದ್ರಲ್ಲೇ ಹೋಯ್ತಿದ್ದೆ. ನಿನ್ ವಾರದಲ್ಲೂ ಇದ್ರಲ್ಲೇ ಹೋಯ್ತಿದ್ದೆ. ನನ್ ವಾರ ಯಾವ್ದಪ್ಪ?"

ಅವಳು ಎದ್ದು ಒಳಗೆ ಹೋದಳು.

ಆಮೇಲೆ ನನಗೆ ಆದ ಉಪಚಾರವನ್ನು ಏನಂತ ಹೇಳಲಿ. ಹನೂರಿನಿಂದ ಜಬ್ಬಾರ್ ಅನ್ನುವ ಮೆಕ್ಯಾನಿಕ್ಕನ್ನು ಮನೆಗೇ ಕರೆತಂದರು. ಅವನು ಡಾಂಬರು ಕೆರೆಸಿ ನೋಡಿ ಕಿವಿ ಮುಟ್ಟಿಕೊಂಡ. ಭಾವ ಒಂದು ಕಡೆಯಿಂದ, ಭಾಮೈದ ಇನ್ನೊಂದು ಕಡೆಯಿಂದ ನನ್ನ ಅಡಿಗೆ ನುಗ್ಗಿ ತಂತಿ ಬ್ರಷ್ಷಿನಲ್ಲಿ ತಿಕ್ಕಿದರು. ಕೆಂಪು ಪುಡಿ ಅವರ ಕಣ್ಣಿಗೆ, ಮೂಗಿಗೆ, ಬಾಯಿಗೆ ಬೀಳುತ್ತಿತ್ತು. ಪೊಳ್ಳಾದ ಕಡೆಯೆಲ್ಲ ಕೊಯ್ದು ಹೊಸ ತಗಡು ಬೆಸೆದರು. ಪೈಪು ಹೊಸದು, ಸ್ಪ್ರಿಂಗು ಹೊಸದು, ಕೈಬ್ರೇಕಿಗೂ ಜೀವ ಬಂತು. ನಾನು ಹುಟ್ಟಿದಂದಿನಿಂದ ಅಷ್ಟು ಗಟ್ಟಿಯಾಗಿ ಯಾವತ್ತೂ ಇರಲಿಲ್ಲ. ಈ ಆರೈಕೆ ಎಷ್ಟು ದಿನವೋ ಅಂತ ನಾನು ಕಾಯುತ್ತಲೇ ಇದ್ದೆ, ಆದರೆ ಅವರು ನಿಲ್ಲಿಸಲಿಲ್ಲ. ವಾರದ ಲೆಕ್ಕ ಹೋಯಿತು. ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಬಾನೆಟ್ ಎತ್ತಿ ನೋಡುತ್ತಿದ್ದರು.

ಚೆನ್ನಾಜಮ್ಮ ಮಾತ್ರ ಮತ್ತೆ ನನ್ನನ್ನು ಹತ್ತಲಿಲ್ಲ. ಕೈ ಕೂಡಿಕೊಂಡ ಮೇಲೆ ಅದೇ ದಾರಿಯಲ್ಲಿ ನಡೆದೇ ಬೋರೆ ಹತ್ತತೊಡಗಿದಳು. ದಾರಿಯಲ್ಲಿ ಸಿಕ್ಕಾಗ ನನ್ನನ್ನು ನಿಲ್ಲಿಸಿ ಅವಳನ್ನು ಕೂಗುತ್ತಿದ್ದರು. ಗಂಡ ಬೇಡಿದ, ತಮ್ಮ ಅತ್ತ. "ನೀವ್ ನಡೀರಿ, ಬತ್ತೀನಿ," ಅನ್ನುವಳು. ಪೂರ್ತಿ ನೆಟ್ಟಗಾಗದ ಕೈಯನ್ನು ಮೈಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ಮುಂದೆ ಹೋಗುವಳು. ಮುಂದಿನ ಸೀಟು ಖಾಲಿ ಇಟ್ಟುಕೊಂಡು ನಾನು ಅವಳ ಹಿಂದೆ ಮೊದಲನೇ ಗೇರಿನಲ್ಲಿ ನರಳುತ್ತಾ ಹತ್ತುತ್ತಿದ್ದೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಹತ್ತುತ್ತಿರಲಿಲ್ಲ.

ಈಗ ಬೋರೆಗೆ ಟಾರು ರಸ್ತೆ ಆಗಿದೆ, ಬಸ್ಸು ಹತ್ತುತ್ತೆ. ನನ್ನ ಇಂಜಿನ್ ಯಾರೋ ಒಯ್ದರು, ಚಕ್ರಗಳು ಎತ್ತಿನ ಗಾಡಿಗೆ ಹೋದವು. ಮನೆ ಹಿತ್ತಲಲ್ಲಿ, ಚಕ್ರದ ಜಾಗಕ್ಕೆ ಕೊಟ್ಟ ಕಲ್ಲುಗಳ ಮೇಲೆ ಕೂತಿದ್ದೇನೆ. ತಗಡಿನಲ್ಲಿ ಮತ್ತೆ ಸಾಸಿವೆಯಷ್ಟು ಗುಳ್ಳೆಗಳು ಎದ್ದಿವೆ, ನೋಡಿಯೂ ಸುಮ್ಮನಿದ್ದೇನೆ. ಸಂಜೆ ಹೊತ್ತು ಇಬ್ಬರು ಮುದುಕರೂ ನನ್ನೊಳಗೆ ಬಂದು ಕೂರುತ್ತಾರೆ, ಒಬ್ಬ ಸ್ಟೀರಿಂಗಿನ ಮುಂದೆ, ಇನ್ನೊಬ್ಬ ಹಿಂದೆ. ಚೆನ್ನಾಜಮ್ಮ ಕಾಫಿ ತಂದು ಕೊಟ್ಟು ಹೋಗುತ್ತಾಳೆ.

ಮೊನ್ನೆ ಅವಳಿಗೆ ಮಂಡಿನೋವು ಜಾಸ್ತಿಯಾಗಿತ್ತು, ತನ್ನ ಕಾಫಿ ಲೋಟವನ್ನೂ ಜೊತೆಗೇ ತಂದಿದ್ದಳು. ಗುರುಮಲ್ಲಪ್ಪ ಪಕ್ಕದ ಸೀಟನ್ನು ಟವೆಲ್ಲಿನಲ್ಲಿ ಒರೆಸಿದ.

"ಬಾ, ಕೂತ್ಕ. ಇನ್ ಇದು ಎಲ್ಲಿಗ್ ಹೋದದು? ಇಂಜಿನ್ನೂ ಇಲ್ಲ, ಚಕ್ರನೂ ಇಲ್ಲ."

ಚೆನ್ನಾಜಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಮಂಡಿ ಮೇಲೆ ಕೈಯೂರಿ, ಕಷ್ಟಪಟ್ಟು ಬಗ್ಗಿ, ನನ್ನ ಅಡಿಗೆ ಇಣುಕಿ ನೋಡಿದಳು.

"ಕಲ್ಲು ಯಾರು ಕೊಟ್ಟಿದ್ದು?" ಅಂದಳು.

"ಈ ಕಡೇದು ನಾನು," ಅಂದ ಗುರುಮಲ್ಲಪ್ಪ.

"ಆ ಕಡೇದು ನಾನು ಅಕ್ಕ," ಅಂದ ನಿರಂಜನ.

ಚೆನ್ನಾಜಮ್ಮ ನೆಟ್ಟಗಾದಳು. ತನ್ನ ಲೋಟ ಎತ್ತಿಕೊಂಡು, ಕಾಫಿಯನ್ನು ನಿಂತೇ ಕುಡಿದಳು.