ಪದ್ಮಶ್ರೀಯ ಮದುವೆ ಹಾರ

ಜಟ್ಟೆಮ್ಮ ಸತ್ತ ಅಕ್ಕ ಸಾಬಮ್ಮನ ಸೆಟೆದ ಕತ್ತಿನ ಹಿಂದೆ ಕೈ ತೂರಿಸಿ, ಹಾರವನ್ನು ಕೊರಳಿಗೆ ಇಳಿಸಿದಳು. ಕೆಂಪು ಗುಲಾಬಿ, ನಡುನಡುವೆ ಸುಗಂಧರಾಜ, ತುದಿಗೆ ಜರಿಯ ಕುಚ್ಚು. ಹೆಣಕ್ಕೆ ತೊಡಿಸಲು ಹಸಿರು ಬಳೆ ತಂದ ಸಾಬಮ್ಮನ ಮಗಳು ಜಯಮಾಲಾ ಬಾಗಿಲಲ್ಲೇ ನಿಂತುಬಿಟ್ಟಳು.

"ಚಿಗವ್ವಾ, ಈ ಹಾರ ಎಲ್ಲಿತ್ತು?"

"ಅಲ್ಲೇ ಗೂಟಕ್ಕ ಬುಡಮೇಲಾಗಿ ನೇತಾಡ್ತಿತ್ತಲ್ಲ. ನಿಮ್ಮಪ್ಪ ತಂದಾನಂತ ತಿಳಿದೆ. ಅಕ್ಕ ಮುತ್ತೈದಿಯಾಗಿ ಹೋಗ್ಯಾಳ, ಇಂಥಾದ್ದೇ ಹಾಕಬೇಕು."

"ಅದು ಪದ್ಮಶ್ರೀ ಅಕ್ಕನ ಮದುವಿ ಹಾರ! ಒಣಗಿಸಾಕ ಕೊಟ್ಟಿದ್ದು."

ಜಟ್ಟೆಮ್ಮನ ಕೈ ಹಾರದ ಮೇಲೇ ಉಳಿಯಿತು. ಕೆ.ಆರ್. ಪುರದ ಕಟ್ಟಡದ ಶೆಡ್ಡಿನಿಂದ ಓಡಿಬಂದ ಆಕೆಗೆ, ಅಕ್ಕ ಹೂವಿನ ಕೆಲಸ ಮಾಡುತ್ತಾಳೆ ಎಂದಷ್ಟೇ ಗೊತ್ತು. ಹೂವಿನ ಕೆಲಸವೆಂದರೆ ಕಟ್ಟುವುದು, ಮಾರುವುದು. ಒಣಗಿಸುವುದೂ ಒಂದು ಕೆಲಸ ಅಂತ ಯಾರಿಗೆ ಹೊಳೆದೀತು?

"ತೆಗಿ ಚಿಗವ್ವಾ, ಪದ್ಮಶ್ರೀ ಅಕ್ಕ ಬರೋದ್ರೊಳಗ."

"ಮುತ್ತೈದಿ ಕೊರಳಿಗೆ ಹಾಕಿದ್ದು ತೆಗೀತಾರೇನ? ನಾ ತೆಗಿಯಾಕಿ ಅಲ್ಲ."

ಪದ್ಮಶ್ರೀ, ಕೆಳಗೇ ಇರುವ ಮನೆಯೊಡತಿ ಚಿಕ್ಕಮುನಿಯಮ್ಮನ ಮೊಮ್ಮಗಳು. ಮೊನ್ನೆ ತಾನೇ ಮದುವೆಯಾಗಿದ್ದಳು. ಈ ಹೂಗಳು ಒಣಗಿ, ಗಾಜಿನ ಚೌಕಟ್ಟು ಸೇರಿ, ಅವಳ ಗಂಡನ ಮನೆಗೆ ಹೋಗಬೇಕಿತ್ತು. ತೆಗೆದು ಕೊಟ್ಟರೆ ಹೆಣದ ಹಾರ. ತೆಗೆಯದಿದ್ದರೆ, ನಂಬಿ ಕೊಟ್ಟದ್ದನ್ನು ಹಾಳು ಮಾಡಿದವಳೆಂಬ ಮಾತು ಹೊತ್ತು ಅವ್ವ ಮಣ್ಣಿಗೆ ಹೋಗಬೇಕು. ಬೇರೆ ಏನು ಬೇಕಾದರೂ ಆಗಲಿ, ಅವ್ವನ ಮೇಲೆ ಅದೊಂದು ಮಾತು ಬರಬಾರದು. ಜಯಮಾಲಾಗೆ ಅಳುವೂ ಮರೆತುಹೋಯಿತು.

*

ಸುರಪುರದ ಕಡೆಯಿಂದ ಬಂದ ಹೊಸತರಲ್ಲಿ ಸಾಬಮ್ಮ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಬೆನ್ನು ಕೈಕೊಟ್ಟ ಮೇಲೆ, ಕಾಕ್ಸ್ ಟೌನಿನ ಹಳೇ ಮನೆಯೊಂದರ ಹಿತ್ತಲಲ್ಲಿ ಮದುವೆ ಹೂ ಒಣಗಿಸುವ ಕೆಲಸ ಸಿಕ್ಕಿತು. ಮೊದಲ ದಿನ ಮನೆಗೆ ಬಂದವಳು ನಕ್ಕು ನಕ್ಕು ಸುಸ್ತಾದಳು.

"ಬಾಡಿದ ಹೂ ಗ್ವಾಡಿಗೆ ಹಾಕ್ಕೊಂಡು ನೋಡ್ತಾರಂತ, ಈ ಊರ ಮಂದಿ!"

"ನಮ್ಮ ಮದುವಿ ಹಾರ ಏನಾತು?" ಎಂದು ಗಂಡ ಮಾನಪ್ಪ ಕೆಣಕಿದ.

"ಹಂದರದಾಗೇ ನಿಮ್ಮ ಆಡು ತಿಂತಲ್ಲ. ತಿಂದು ನಿಮ್ಮವ್ವನಂಗ ನನ್ನ ನೋಡ್ತು."

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ತೇವ ಹೀರುವ ಬಿಳಿ ಹರಳಿನ ಪುಡಿಯನ್ನು ಎಸಳಿನ ಸಂದಿಗೆ ಸುರಿಯುವಾಗ ಸಾಬಮ್ಮ ಉಸಿರು ಬಿಗಿಹಿಡಿಯತೊಡಗಿದಳು. ಎಸಳೊಂದು ಮುರಿದರೆ ಅಂದು ಅವಳಿಗೆ ಊಟ ಸೇರುತ್ತಿರಲಿಲ್ಲ. ಆ ಹಳೇ ಮನೆ ಕೆಡವಿ ಫ್ಲಾಟು ಎದ್ದ ಮೇಲೆ, ಕಮ್ಮನಹಳ್ಳಿಯ ಈ ಬಾಡಿಗೆ ಕೋಣೆಯಲ್ಲೇ ಕೆಲಸ ಮುಂದುವರಿಸಿದಳು. ನಿನ್ನೆ ಸಂಜೆ ಪದ್ಮಶ್ರೀಯ ಹಾರವನ್ನು ಗೂಟಕ್ಕೆ ಹಾಕಿ, "ಎದಿ ಉರೀಲಿಕ್ಕತ್ತೈತಿ, ಒಂದೀಟು ಅಡ್ಡಾಗ್ತೀನಿ," ಎಂದವಳು ಮತ್ತೆ ಏಳಲಿಲ್ಲ.

*

ಮೆಟ್ಟಿಲ ಮೇಲೆ ಚಿಕ್ಕಮುನಿಯಮ್ಮನ ಗೊಣಗಾಟ ಕೇಳಿಸಿತು.

"ಹಸಿ ಮದ್ಲಗಿತ್ತಿ ಸಾವಿನ ಮನೆ ಮೆಟ್ಲು ಹತ್ಬಾರ್ದು ಅಂದ್ರೆ ಕೇಳಲ್ಲ ಇವ್ಳು."

"ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ ಅಜ್ಜಿ."

ಒಳಗೆ ಕಾಲಿಟ್ಟ ಪದ್ಮಶ್ರೀಯ ಕಣ್ಣು ನೇರ ಜರಿಯ ಕುಚ್ಚಿಗೆ ಹೋಯಿತು.

"ಅದು... ನಂದಲ್ವಾ?"

"ತಪ್ಪಾಯ್ತು ಅಕ್ಕಾ," ಎಂದಳು ಜಯಮಾಲಾ. "ಚಿಗವ್ವಂಗೆ ಗೊತ್ತಿರ್ಲಿಲ್ಲ, ಹಾಕ್ಬಿಟ್ಟಿದಾರೆ. ಅಮ್ಮಂದೇನೂ ತಪ್ಪಿಲ್ಲ. ಅಮ್ಮ ಯಾರ ಹೂವನ್ನೂ..."

"ಅಯ್ಯೋ ನಮ್ಮಪ್ಪಾ! ಮದ್ವೆ ಹಾರಾನ ಹೆಣಕ್ಕೆ ಹಾಕವ್ರಲ್ಲೇ! ನಡಿಯೇ ಕೆಳಕ್ಕೆ." ಚಿಕ್ಕಮುನಿಯಮ್ಮ ಮೊಮ್ಮಗಳ ತೋಳು ಹಿಡಿದು ಎಳೆದಳು.

ಪದ್ಮಶ್ರೀ ಕದಲಲಿಲ್ಲ. "ಒಂದು ಹೂವಾದ್ರೂ ಬೇಕು ನಂಗೆ. ಜಯಾ, ಒಂದೇ ಒಂದು ಕಿತ್ಕೊಡು."

ಜಯಮಾಲಾ ಕೈ ಚಾಚಿದಳು. ಜಟ್ಟೆಮ್ಮ ಗಪ್ಪನೆ ಅವಳ ಮುಂಗೈ ಹಿಡಿದಳು. "ಹೆತ್ತಾಕಿ ಮೈಮ್ಯಾಲಿಂದ ಹೂ ಕೀಳ್ತೀಯೇನ? ಬಿಡು!"

ಕೆಳಗೆ ಸ್ಮಶಾನಕ್ಕೆ ಹೋಗುವ ಗಾಡಿ ಹಾರ್ನ್ ಹೊಡೆಯಿತು. ಯಾರೂ ಯಾರ ಕೈಯನ್ನೂ ಬಿಡಲಿಲ್ಲ.

ಚಿಕ್ಕಮುನಿಯಮ್ಮ ಆಗಷ್ಟೇ ಸಾಬಮ್ಮನ ಮುಖ ನೋಡಿದಳು. ಹಣೆ ತುಂಬಾ ಕುಂಕುಮ, ಕೆನ್ನೆಗೆ ಅರಿಶಿನ. ಮುದುಕಿಯ ಕೈ ತನ್ನ ಬರಿ ಹಣೆಯನ್ನು ಒಮ್ಮೆ ಸವರಿಕೊಂಡಿತು.

"ಕೀಳ್ಬ್ಯಾಡ್ರಿ. ಸಾಬಮ್ಮನೇ ಕೊಡ್ಲಿ," ಎಂದಳು. "ಮುತ್ತೈದೆ ಕೈಯಿಂದ ಮಡ್ಲಿಗೆ ಬಿದ್ರೆ ಅದು ಹೆಣದ ಹೂವಲ್ಲ."

ಹಾರ ಹಾಕುವಾಗ ಕಳಚಿದ ಗುಲಾಬಿಯೊಂದು ಚಾಪೆಯ ಮೇಲಿತ್ತು. ಜಟ್ಟೆಮ್ಮ ಅದನ್ನು ಅಕ್ಕನ ಕೈಯೊಳಗಿಟ್ಟಳು. ಪದ್ಮಶ್ರೀ ಮಂಡಿಯೂರಿ ಸೆರಗು ಒಡ್ಡಿದಳು. ಜಟ್ಟೆಮ್ಮ ಆ ಕೈಯನ್ನು ಎತ್ತಿ ಬೋರಲು ಮಾಡಿದಳು.

ಹೂ ಬೀಳಲಿಲ್ಲ. ಸೆಟೆದ ಬೆರಳುಗಳ ನಡುವೆ ಸಿಕ್ಕಿಕೊಂಡಿತ್ತು.

"ಅಲ್ಲಾಡಿಸ್ಬ್ಯಾಡ," ಎಂದಳು ಚಿಕ್ಕಮುನಿಯಮ್ಮ. "ತಾನಾಗೇ ಬೀಳ್ಬೇಕು."

ಹಾರ್ನ್ ಮತ್ತೆ ಕೇಳಿಸಿತು. ಹೆಣ ಎತ್ತಲು ಬಂದವರು ಬಾಗಿಲಲ್ಲಿ ನಿಂತರು. ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿದ್ದ ಮಾನಪ್ಪ ಅವರನ್ನು ಸರಿಸಿ ಒಳಗೆ ಬಂದು, ಹೆಂಡತಿಯ ಕಿವಿಯ ಹತ್ತಿರ ಬಾಗಿದ.

"ಕೊಟ್ಟುಬಿಡು ಸಾಬವ್ವಾ. ಹುಡುಗಿ ಕಾಯ್ಲಿಕ್ಕತ್ತೈತಿ."

ಪದ್ಮಶ್ರೀ ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು.