ನಾಲ್ಕನೇ ಟ್ಯೂಬು

ನಾಲ್ಕನೇ ಟ್ಯೂಬಿನ ಸಾಲಿನಲ್ಲೂ ಕಪ್ಪು ಪಟ್ಟೆ ಮೂಡಿತ್ತು. ಸಿಗ್ನೆ ಪ್ರೋಟೀನುಗಳ ಪಟ್ಟೆ ಮೂಡುವ ಫಿಲ್ಮನ್ನು ತಿರುಗಿಸಿಟ್ಟು ಮತ್ತೊಮ್ಮೆ ನೋಡಿದಳು. ಅವಳ ಪಿಎಚ್‌ಡಿ ಪ್ರಬಂಧ ನೋಡುವ ಓಸ್ಲೊದ ಪರೀಕ್ಷಕರೊಬ್ಬರು ಕೇಳಿದ್ದರೆಂದು ಮೊದಲ ಸಲ ಸೇರಿಸಿದ್ದ ಸಾಲು ಅದು. ಅದರಲ್ಲಿ ಸ್ತನದ ಗೆಡ್ಡೆಯ ಜೀವಕೋಶಗಳ ರಸವನ್ನೇ ಹಾಕಿರಲಿಲ್ಲ. ಇದ್ದದ್ದು ಪ್ರೋಟೀನನ್ನು ಹಿಡಿದೆಳೆಯಲು ಬಳಸುವ ಆಂಟಿಬಾಡಿ ಮಾತ್ರ.

ಅಂದರೆ ನಾಲ್ಕು ವರ್ಷ ಅವಳು, ಮೊದಲ ಪ್ರೋಟೀನಿಗೆ ಅಂಟಿಕೊಂಡು ಬಂದ ಎರಡನೆಯ ಪ್ರೋಟೀನೆಂದು ನಂಬಿದ್ದು ಆಂಟಿಬಾಡಿಯದೇ ತುಂಡು. ಆ ತುಂಡಿನ ಮತ್ತು ಎರಡನೆಯ ಪ್ರೋಟೀನಿನ ತೂಕ ಹೆಚ್ಚುಕಡಿಮೆ ಒಂದೇ, ಪಟ್ಟೆ ನಿಲ್ಲುವ ಜಾಗವೂ ಒಂದೇ. ಆ ಎರಡು ಪ್ರೋಟೀನುಗಳು ಒಂದನ್ನೊಂದು ಅಪ್ಪಿಕೊಳ್ಳುವುದರಿಂದಲೇ ಗೆಡ್ಡೆ ಔಷಧಿಗೆ ಬಗ್ಗುವುದಿಲ್ಲ ಎಂಬುದು ಅವಳ ಪ್ರಬಂಧದ ತಿರುಳು. ಮೌಖಿಕ ಪರೀಕ್ಷೆಗೆ ಮೂರು ವಾರವಿತ್ತು.

"ಟ್ಯೂಬು ತುಂಬಿದ್ದು ಯಾರು?" ಅವಳ ಮಾರ್ಗದರ್ಶಕ ಪ್ರೊಫೆಸರ್ ಮೋಗೆನ್ಸ್ ಕೇಳಿದ.

"ಇಂಗೆ-ಲಿಸೆ," ಎಂದಳು ಸಿಗ್ನೆ. ಪ್ರಯೋಗಾಲಯದ ಹಿರಿಯ ತಂತ್ರಜ್ಞೆ ಅವಳು.

"ಸರಿ ಮತ್ತೆ. ಕೈತಪ್ಪಿ ಅದಕ್ಕೂ ರಸ ಬಿದ್ದಿದೆ. ವಯಸ್ಸಾಯ್ತಲ್ಲ ಅವಳಿಗೆ."

"ಅವಳ ಕೈ ತಪ್ಪೋದಿಲ್ಲ, ಮೋಗೆನ್ಸ್."

"ಹಾಗಾದ್ರೆ ತಪ್ಪಿರೋದು ನಿನ್ನ ಪ್ರಬಂಧ. ಯಾವುದು ಬೇಕು, ನೀನೇ ಹೇಳು."

ಮರುದಿನ ಸಿಗ್ನೆ ಹೊಸ ಟ್ಯೂಬು ತೆಗೆದು, ರಸ ಹಾಕದೆ ತಾನೇ ಪ್ರಯೋಗವನ್ನು ಇನ್ನೊಮ್ಮೆ ಮಾಡಿದಳು. ಪಟ್ಟೆ ಅಲ್ಲೇ ನಿಂತಿತ್ತು. ಆ ಫಿಲ್ಮನ್ನು ಯಾರಿಗೂ ತೋರಿಸಲಿಲ್ಲ.

ಶುಕ್ರವಾರ ಇಂಗೆ-ಲಿಸೆ ಸೇಬಿನ ಕೇಕು ತಂದಳು. ಎಡವಟ್ಟು ಮಾಡಿದವರು ಉಳಿದವರಿಗೆ ಕೇಕು ತಿನ್ನಿಸಬೇಕೆಂಬುದು ಡೆನ್ಮಾರ್ಕಿನ ಕೆಲಸದ ಜಾಗಗಳಲ್ಲಿ ವಾಡಿಕೆ. ಪ್ರಯೋಗಾಲಯಕ್ಕೆ ಸೇರಿದ ಇಪ್ಪತ್ತಾರು ವರ್ಷಗಳಲ್ಲಿ ಅವಳು ತಂದದ್ದು ಇದೇ ಮೊದಲು.

"ಅಂತೂ ನಿನ್ನ ಕೈರುಚಿ ನೋಡೋ ಭಾಗ್ಯ ಬಂತು," ಮೋಗೆನ್ಸ್ ನಕ್ಕ. "ಆಗಾಗ ಎಡವ್ತಿರಮ್ಮ."

ಎಲ್ಲರೂ ನಕ್ಕರು. ಇಂಗೆ-ಲಿಸೆಯೂ ನಕ್ಕಳು. ಆಮೇಲೆ ಸಿಗ್ನೆಯ ತಟ್ಟೆಗೆ ದೊಡ್ಡ ತುಂಡು ಹಾಕುತ್ತ, "ನನಗೇನೋ ಆ ಟ್ಯೂಬಿಗೆ ರಸ ಹಾಕಿದ ನೆನಪೇ ಇಲ್ಲ ಕಣೇ," ಎಂದಳು ಮೆಲ್ಲಗೆ.

"ಎಲ್ಲರಿಗೂ ಆಗುತ್ತೆ ಬಿಡು. ಕೇಕು ಚೆನ್ನಾಗಿದೆ."

ಸೋಮವಾರ ಇಂಗೆ-ಲಿಸೆ ತನ್ನ ಮೇಜಿನಿಂದ ಕರೆದಳು. ಕನ್ನಡಕ ಹಣೆಗೇರಿತ್ತು, ಬೆರಳುಗಳ ನಡುವೆ ಪುಟ್ಟ ಟ್ಯೂಬು.

"ಸ್ವಲ್ಪ ನೋಡೇ ಇಲ್ಲಿ. ಇನ್ನು ನನ್ನನ್ನೇ ನಾನು ನಂಬೋ ಹಾಗಿಲ್ಲ. ಖಾಲಿ ಇದೆಯಲ್ಲ?"

ಸಿಗ್ನೆ ಬಾಗಿ ನೋಡಿದಳು.

"ಖಾಲಿ ಇದೆ."

ಇಂಗೆ-ಲಿಸೆ ಅದನ್ನು ಪ್ರಯೋಗದ ದಿನಚರಿಯಲ್ಲಿ ಬರೆದಳು. ಪಕ್ಕದಲ್ಲಿ ಹೊಸದಾಗಿ ಒಂದು ಗೆರೆ ಎಳೆದು, ನೋಡಿದವರು ಸಹಿ ಹಾಕಲೆಂದು ಪೆನ್ನನ್ನು ಸಿಗ್ನೆಯತ್ತ ಚಾಚಿದಳು.