ನೀರಿನ ಕಮಾನು

ನಮ್ಮ ವಿಮಾನ ನಿಲ್ದಾಣದ ಇತಿಹಾಸವನ್ನು ಮೈಕಿನಲ್ಲಿ ಓದಿದವಳು ನಾನೇ. ವಾರ್ಷಿಕೋತ್ಸವಕ್ಕೆಂದು ಮ್ಯಾನೇಜರು ಒಂದು ಸಣ್ಣ ಚಿತ್ರ ಮಾಡಿಸುತ್ತಿದ್ದರು. 'ಇತಿಹಾಸ ಮತ್ತು ಸೌಲಭ್ಯಗಳು' ಎಂದು ಅದರ ಹೆಸರು. ಇಲ್ಲಿಗೆ ದಿನಕ್ಕೆ ಬರುವುದು ಒಂದೇ ವಿಮಾನ. ಅದು ಬಂದಾಗ ಬಂದಿದೆ ಎಂದೂ ಹೊರಟಾಗ ಹೊರಟಿದೆ ಎಂದೂ ಹೇಳುವುದು ನನ್ನ ಉದ್ಯೋಗ. ಕಣ್ಣಿದ್ದವರಿಗೆಲ್ಲ ಗಾಜಿನಾಚೆ ಕಾಣುತ್ತಿರುವುದನ್ನೇ ಹೇಳುವುದಕ್ಕೆ ಸಂಬಳ ಕೊಡುತ್ತಾರೆಂದರೆ ನಾನೇಕೆ ಬೇಡವೆನ್ನಲಿ? ಬರೆದುಕೊಟ್ಟದ್ದನ್ನು ಓದಿದೆ. 'ದೂರದೃಷ್ಟಿಯ ನಾಯಕರ ಕನಸಿನ ಕೂಸು' ಎಂಬಲ್ಲಿ ಮಾತ್ರ ನಗು ತಡೆಯಲಾರದೆ ರೆಕಾರ್ಡಿಂಗ್ ನಿಲ್ಲಿಸಬೇಕಾಯಿತು.

ಅವರು ಬರೆಯದ ಇತಿಹಾಸ ಬೇರೆ ಇದೆ. ಇದು ದನ ಮೇಯುವ ಬಯಲಾಗಿತ್ತು. ಒಬ್ಬ ಮಂತ್ರಿ ಬಂದು ರಸ್ತೆಯ ಪಕ್ಕದಲ್ಲಿ ಅಡಿಗಲ್ಲು ಹಾಕಿದರು, ಚುನಾವಣೆಯಲ್ಲಿ ಸೋತರು. ಅವರ ಜಾಗಕ್ಕೆ ಬಂದವರಿಗೆ ಹಳಬರ ಕಲ್ಲು ಮುಟ್ಟಲು ಮರ್ಯಾದೆ ಅಡ್ಡ ಬಂತು. ಬಯಲಿನ ಆ ತುದಿಗೆ ಹೋಗಿ ಇನ್ನೊಂದು ಕಲ್ಲು ಹಾಕಿದರು. ಮೂರನೆಯವರು ನಡುವೆ ಹಾಕಿದರು. ದನಗಳಿಗೆ ಮೈ ತಿಕ್ಕಿಕೊಳ್ಳಲು ಒಳ್ಳೆಯ ಅನುಕೂಲವಾಯಿತು. ಕಡೆಗೆ ದುಡ್ಡು ಮಂಜೂರಾದಾಗ ಕುರ್ಚಿಯಲ್ಲಿ ಮತ್ತೆ ಎರಡನೆಯವರೇ ಇದ್ದರು. ಹಾಗಾಗಿ ಕಟ್ಟಡ ರಸ್ತೆಯಿಂದ ದೂರದ ಆ ತುದಿಯಲ್ಲೇ ಎದ್ದಿತು. ಈಗಲೂ ಪ್ರಯಾಣಿಕರು ಗೇಟಿನಲ್ಲಿ ಇಳಿದು, ಬಿಸಿಲಿನಲ್ಲಿ ಪೆಟ್ಟಿಗೆ ಎಳೆದುಕೊಂಡು, ಮಂತ್ರಿಗಳಿಬ್ಬರ ಮುನಿಸಿನಷ್ಟು ಉದ್ದಕ್ಕೂ ನಡೆಯುತ್ತಾರೆ.

ಇನ್ನು ಸೌಲಭ್ಯಗಳು. ವಿಐಪಿ ಕೊಠಡಿಯೊಂದಿದೆ. ಸೋಫಾದ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿಲ್ಲ, ಬೀಗದ ಕೈ ಯಾರ ಹತ್ತಿರ ಇದೆಯೆಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ. ಸಾಮಾನು ಬರುವ ಬೆಲ್ಟು ಎಷ್ಟು ಗಿಡ್ಡ ಎಂದರೆ ಪೆಟ್ಟಿಗೆ ಹೊರಗೆ ಮೂತಿ ಹಾಕಿ, ಒಡೆಯ ಕೈ ಚಾಚುವಷ್ಟರಲ್ಲಿ ಒಳಗೆ ಹೋಗಿರುತ್ತದೆ. ನಲ್ಲಿಗಳಿಗೆ ತಿರುಪೂ ಇಲ್ಲ, ಹಿಡಿಕೆಯೂ ಇಲ್ಲ. ಕೈ ಒಡ್ಡಿದರೆ ತಾನಾಗಿ ನೀರು ಬರಬೇಕಂತೆ. ಭಿಕ್ಷೆ ಬೇಡುವವರ ಹಾಗೆ ಅಂಗೈ ಚಾಚಿ ನಿಂತು, ಬೈದುಕೊಂಡು ಹೊರಬರುತ್ತಾರೆ. ಕಾಫಿ ಅಂಗಡಿಯವನ ಲೆಕ್ಕಾಚಾರ ಬೇರೆ, ಆಕಾಶದಲ್ಲಿ ಹಾರುವವರಿಗೆ ಬೆಲೆಯೂ ಅಲ್ಲೇ ಇರಬೇಕೆಂದು ಅವನ ಅಭಿಪ್ರಾಯ. ಇಷ್ಟೆಲ್ಲದರ ನಡುವೆ ಕೆಲಸಕ್ಕೆ ಬರುವ ವಸ್ತುವೆಂದರೆ ಒಂದೇ ಒಂದು ಅಗ್ನಿಶಾಮಕ ಗಾಡಿ. ಅದರ ಟ್ಯಾಂಕಿನಲ್ಲಿ ನೀರು ತುಂಬಿದ್ದರೆ ಮಾತ್ರ ವಿಮಾನ ಇಳಿಯಬಹುದು, ಇಲ್ಲದಿದ್ದರೆ ಇಲ್ಲ. ಕಸ ಗುಡಿಸುವವಳಿಗೂ ಗೊತ್ತಿರುವ ನಿಯಮ.

ಈ ನಿಲ್ದಾಣವನ್ನು ನನಗಿಂತ ಹೆಚ್ಚು ಕಾದವಳು ನನ್ನ ಅಕ್ಕ. ದೂರದ ದೊಡ್ಡ ಊರಿನಲ್ಲಿ ಭಾವನ ಜೊತೆ ಸುಖವಾಗಿದ್ದಾಳೆ. "ಬಸ್ಸಿನಲ್ಲಿ ನನ್ ಕೈಲಾಗಲ್ಲ ಕಣೇ, ಸೊಂಟ ಹಿಡ್ಕೊಳುತ್ತೆ. ನಿಮ್ಮೂರಿಗೊಂದು ಏರ್‌ಪೋರ್ಟ್ ಆಗ್ಲಿ, ತಿಂಗಳು ತಿಂಗಳು ಬಂದು ಅಮ್ಮನ್ನ ನೋಡ್ತೀನಿ" ಎನ್ನುತ್ತಿದ್ದಳು. ಏರ್‌ಪೋರ್ಟ್ ಆಯಿತು. ಆಮೇಲೆ ವಿಮಾನದ ಹೊತ್ತು ಹೊಂದಲಿಲ್ಲ, ಹೊತ್ತು ಬದಲಾದಾಗ ಸೀಟು ಸಿಗಲಿಲ್ಲ, ಸೀಟು ಸಿಕ್ಕಾಗ ಭಾವನಿಗೆ ನೆಗಡಿ. ಅಮ್ಮ ಪ್ರತಿಯೊಂದನ್ನೂ ನಂಬಿದಳು. ನಮ್ಮ ಮನೆ ನಿಲ್ದಾಣದ ತಂತಿಬೇಲಿಯ ಆಚೆಗೇ ಇರುವುದರಿಂದ ವಿಮಾನದ ಸದ್ದು ಮಲಗಿದಲ್ಲಿಗೇ ಕೇಳುತ್ತದೆ. ದಿನವೂ ಸದ್ದಾದಾಗ "ಬಂಗಾರಿ ಬಂದ್ಲೇನೇ?" ಎಂದು ಕೇಳುತ್ತಿದ್ದಳು. ಅಕ್ಕ ಅವಳಿಗೆ ಬಂಗಾರಿ. ಹಾಸಿಗೆ ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸುವ ನಾನು "ಲೇ ಇವಳೇ". ನಾನೂ ಮೆತ್ತಗೆ ಮಾತಾಡುವವಳಲ್ಲ. ಮೈಕಿನ ದನಿಯನ್ನು ನಿಲ್ದಾಣದಲ್ಲೇ ಬಿಟ್ಟು ಬರುತ್ತಿದ್ದೆ. "ಬಂದಿಲ್ಲ, ಬರೋದೂ ಇಲ್ಲ, ಬಾಯಿ ತೆಗಿ" ಎಂದು ಚಮಚ ಹಿಡಿಯುತ್ತಿದ್ದೆ.

ವಾರ್ಷಿಕೋತ್ಸವದ ವಾರ ಅಮ್ಮನಿಗೆ ತೀರಾ ಹೆಚ್ಚಾಯಿತು. ಕಣ್ಣು ಮೊದಲೇ ಮಂಜಾಗಿತ್ತು, ಈಗ ಊಟವೂ ನಿಂತಿತು. ಬರಬೇಕಾದವರನ್ನು ಕರೆಸಿಬಿಡಿ ಎಂದರು ಡಾಕ್ಟರು. ಅಕ್ಕನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವಳು ಅತ್ತಳು, ಮಾರನೆಯ ದಿನಕ್ಕೇ ಟಿಕೆಟ್ ಮಾಡಿಸಿದಳು. ಅಂದೇ ವಾರ್ಷಿಕೋತ್ಸವ, ನನಗೆ ರಜೆ ಇಲ್ಲ. ಇಳಿದ ಕೂಡಲೇ ನಾನೇ ಅವಳನ್ನು ಮನೆಗೆ ಕರೆದೊಯ್ಯುವುದೆಂದಾಯಿತು. ಅಮ್ಮನ ಪಕ್ಕದಲ್ಲಿ ನನ್ನ ಯಜಮಾನರು ಕೂತರು. ಬೆಳಿಗ್ಗೆ ಅಕ್ಕ ವಿಮಾನದ ಕಿಟಕಿ ಪಕ್ಕ ಕೂತು ಫೋಟೋ ಕಳಿಸಿದಳು, ತುಟಿಗೆ ಬಣ್ಣ ಹಚ್ಚಿಕೊಂಡೇ. ಮೂಗು ಮುರಿದೆ, ಆದರೂ ಜೀವಕ್ಕೆ ನೆಮ್ಮದಿಯಾಯಿತು. ಅಮ್ಮನಿಗೆ ಬೇಕಿದ್ದುದು ಅದೊಂದೇ. ಆ ವಿಮಾನ ಇಳಿಯಬೇಕು, ಬಂಗಾರಿ ಬಂದು ಕೈ ಹಿಡಿಯಬೇಕು.

ನಮ್ಮ ಮ್ಯಾನೇಜರನ್ನು ಬೆನ್ನ ಹಿಂದೆ ಎಲ್ಲರೂ ರಿಬ್ಬನ್ ಎನ್ನುತ್ತೇವೆ. ಹೊಸ ಪೊರಕೆ ಬಂದರೂ ರಿಬ್ಬನ್ ಕಟ್ಟಿ ಕತ್ತರಿಸುವ ಮನುಷ್ಯ. ವಿಶೇಷ ದಿನಗಳಲ್ಲಿ ದೊಡ್ಡ ನಿಲ್ದಾಣಗಳಲ್ಲಿ ಎರಡು ಕಡೆ ಅಗ್ನಿಶಾಮಕ ಗಾಡಿ ನಿಲ್ಲಿಸಿ ನೀರು ಹಾರಿಸುತ್ತಾರೆ, ಆ ಕಮಾನಿನ ಕೆಳಗೆ ವಿಮಾನ ಮೆಲ್ಲಗೆ ಸಾಗುತ್ತದೆ, ಅದು ಗೌರವ. ರಿಬ್ಬನ್ನಿಗೂ ಅದು ಬೇಕಾಯಿತು. ನಮ್ಮಲ್ಲಿರುವುದು ಒಂದೇ ಗಾಡಿ. ಇನ್ನೊಂದು ಕಡೆಗೆ ಹೂವಿನ ಗಿಡಕ್ಕೆ ನೀರು ಬಿಡುವವನನ್ನು ಪೈಪಿನ ಸಮೇತ ನಿಲ್ಲಿಸಿದರು. ಅಂದಿನ ಅಭ್ಯಾಸಕ್ಕೆ ವಿಮಾನವಿಲ್ಲ. ಆ ಜಾಗಕ್ಕೆ ಸಾಮಾನು ಎಳೆಯುವ ಟ್ರಾಕ್ಟರ್ ಬಂತು. ಅದರ ಹಿಂದಿನ ತಳ್ಳುಗಾಡಿಯಲ್ಲಿ ಸೂಟು ತೊಟ್ಟ ರಿಬ್ಬನ್ ನಿಂತು, ಎರಡೂ ಕೈ ಬೀಸುತ್ತಾ ಕಮಾನಿನ ಕೆಳಗೆ ಬಂದರು. ಫೋಟೋದವನು ಓಡೋಡಿ ಕ್ಲಿಕ್ಕಿಸಿದ. ಇಷ್ಟು ಸೊಗಸಾದ ಮೂರ್ಖತನವನ್ನು ನಾನು ಗಾಜಿನ ಹಿಂದೆ ಕೂತು ಪುಕ್ಕಟೆ ನೋಡಿದೆ. ಅಕ್ಕನಿಗೂ ತೋರಿಸಬೇಕಿತ್ತು ಅನ್ನಿಸಿತು.

ಮೊದಲ ಸಲ ಗಾಳಿಗೆ ನೀರೆಲ್ಲ ಪಕ್ಕಕ್ಕೆ ಹೋಯಿತು. ಆಮೇಲೆ ಫೋಟೋದವನ ಲೆನ್ಸು ಒದ್ದೆಯಾಯಿತು. ಮತ್ತೊಮ್ಮೆ ಎಲ್ಲ ಸರಿಯಾಗಿದ್ದಾಗ ರಿಬ್ಬನ್ ಕಣ್ಣು ಮುಚ್ಚಿದ್ದರು. ಫೋಟೋ ನೋಡಲು ಒಳಗೆ ಬಂದಿದ್ದ ಅವರಿಗೆ ಅಗ್ನಿಶಾಮಕ ಅಧಿಕಾರಿ ನನ್ನ ಕೌಂಟರಿನ ಮುಂದೆಯೇ ಹೇಳಿದ್ದನ್ನು ಕಿವಿಯಾರೆ ಕೇಳಿದೆ.

"ಸರ್, ಟ್ಯಾಂಕ್ ತಳ ಕಾಣ್ತಿದೆ. ವಿಮಾನ ಬರೋ ಹೊತ್ತಾಯ್ತು."

"ಸಂಪ್‌ನಿಂದ ತುಂಬಿಸ್ಕೊಳ್ರೀ."

"ಸಂಪ್ ಖಾಲಿ ಸರ್. ಬೆಳಿಗ್ಗೆ ಹುಲ್ಲು ಹಸಿರಾಗಿ ಕಾಣ್ಬೇಕು ಅಂತ ನೀವೇ ಪೂರ್ತಿ ಬಿಡ್ಸಿದ್ರಲ್ಲ."

"ಹಾಗಾದ್ರೆ ಹೊರಗಿಂದ ಟ್ಯಾಂಕರ್ ತರಿಸಿ. ಪ್ರತಿಯೊಂದೂ ನಾನೇ ಹೇಳ್ಕೊಡ್ಬೇಕಾ? ಅಷ್ಟರಲ್ಲಿ ಇನ್ನೊಂದು ಟೇಕ್ ಆಗಿಹೋಗ್ಲಿ."

ಅವನೂ ಅಧಿಕಾರಿಯೇ. ಆಗುವುದಿಲ್ಲ ಎಂದು ನಾಲಿಗೆ ಹೊರಳಿಸಬಹುದಿತ್ತು. ಆಯ್ತು ಸರ್ ಎಂದು ಹೋಗಿ ಉಳಿದ ನೀರನ್ನೂ ಆಕಾಶಕ್ಕೆ ಹಾರಿಸಿದ. ಮೀಸೆ ಬಿಟ್ಟಿದ್ದೇ ಬಂತು.

ಟ್ಯಾಂಕರ್ ಬೇಗನೆ ಬಂತು, ಅದನ್ನು ಒಪ್ಪಬೇಕು. ಗೇಟಿನಲ್ಲಿ ಕಾವಲಿನವರು ತಡೆದರು. ಹೊರಗಿನ ಗಾಡಿ ಒಳಗೆ ಬರಬೇಕಾದರೆ ಮ್ಯಾನೇಜರ ಸಹಿ ಇರುವ ಪಾಸು ಬೇಕು. ಮ್ಯಾನೇಜರು ಒದ್ದೆ ಸೂಟು ಬಿಚ್ಚಿ ಇನ್ನೊಂದು ತೊಡಲು ಕೋಣೆಯ ಬಾಗಿಲು ಹಾಕಿಕೊಂಡಿದ್ದಾರೆ. ಬಾಗಿಲು ತಟ್ಟುವ ಧೈರ್ಯ ಯಾರಿಗೂ ಇಲ್ಲ. ಕಾಫಿ ಅಂಗಡಿಯ ಹತ್ತಿರ ನಿಂತು ನೀನು ಹೋಗು, ನೀನು ಹೋಗು ಎನ್ನುತ್ತಿದ್ದರು. ನಾನೇ ಹೋಗಿ ದಬದಬ ಬಡಿದೆ. ಅಷ್ಟರಲ್ಲಿ ತಲೆಯ ಮೇಲೆ ಸದ್ದಾಯಿತು.

ವಿಮಾನ ಇಳಿಯಲಿಲ್ಲ. ನಿಲ್ದಾಣದ ಮೇಲೆ ಹಾದು, ದೂರ ಹೋಗಿ, ತಿರುಗಿ ಬಂತು. ಅರ್ಧ ಗುಂಡಿ ಹಾಕಿದ ಅಂಗಿಯಲ್ಲೇ ರಿಬ್ಬನ್ ಹೊರಬಂದು ವಾಕಿಟಾಕಿಯಲ್ಲಿ ಟವರಿನವರಿಗೆ ಹೇಳಿದರು:

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಇಳಿಸ್ಬಿಡ್ರೀ, ನೀರು ಗೇಟಲ್ಲೇ ಇದೆ."

"ಗೇಟಿಗೆ ಬೆಂಕಿ ಬಿದ್ರೆ ಆಗುತ್ತೆ ಸರ್. ಗಾಡೀಲಿ ನೀರಿಲ್ದೆ ಇಳಿಸೋಕಾಗಲ್ಲ. ವಾಪಸ್ ಹೋಗೋಷ್ಟು ಇಂಧನ ಮಿಕ್ಕಿರೋವರೆಗೂ ಸುತ್ತು ಹಾಕ್ತಾರೆ, ಆಮೇಲೆ ಹೊರಟುಬಿಡ್ತಾರೆ."

ನನ್ನ ಫೋನು ಅದುರಿತು. ಯಜಮಾನರು.

"ಅಮ್ಮಂಗೆ ಸದ್ದು ಕೇಳಿಸ್ತು. ಬಂಗಾರಿ ಬಂದ್ಲಾ ಅಂತ ಕೇಳ್ತಿದಾರೆ. ಉಸಿರು ಒಂಥರಾ ಆಗಿದೆ ಕಣೇ. ಏನು ಹೇಳ್ಲಿ?"

"ಬಂದ್ಲು ಅನ್ನಿ" ಎಂದೆ.

ಪಾಸಿಗೆ ಸಹಿಯಾಯಿತು, ಟ್ಯಾಂಕರ್ ಒಳಗೆ ಬಂತು, ಪೈಪಿನ ಬಾಯಿಗೆ ಗಾಡಿಯ ಬಾಯಿ ಹೊಂದಲಿಲ್ಲ. ಬಟ್ಟೆ ಸುತ್ತಿ ತುಂಬಿಸತೊಡಗಿದರು, ಅರ್ಧ ನೀರು ಚಕ್ರದ ಮೇಲೆ ಹೋಯಿತು. ವಿಮಾನ ಮತ್ತೊಮ್ಮೆ ಬಂತು. ಈ ಸಲ ಎಷ್ಟು ಕೆಳಗಿತ್ತೆಂದರೆ ಕಿಟಕಿಗಳೆಲ್ಲ ಕಂಡವು. ಅವುಗಳಲ್ಲೊಂದರ ಹಿಂದೆ ಅಕ್ಕ ಕೂತಿದ್ದಳು. ಎಷ್ಟೋ ವರ್ಷ ಸುಳ್ಳು ಹೇಳಿ, ಕೊನೆಗೊಮ್ಮೆ ನಿಜವಾಗಿ ಬಂದವಳು. ಆಮೇಲೆ ಅದು ಮೂತಿ ಎತ್ತಿ, ಬಂದ ದಿಕ್ಕಿಗೇ ಹೊರಟುಹೋಯಿತು.

ರಿಬ್ಬನ್ ಒಂದು ಚೀಟಿ ತಂದು ನನ್ನ ಮುಂದಿಟ್ಟರು. 'ತಾಂತ್ರಿಕ ಕಾರಣಗಳಿಂದ' ಎಂದು ಶುರುವಾಗಿತ್ತು. "ಬೇಗ ಓದಮ್ಮ, ಜನ ಗಲಾಟೆ ಮಾಡ್ತಾರೆ" ಎಂದರು. ಮೈಕ್ ಹಾಕಿದೆ. ಎಂದಿನ ಸಿಹಿ ದನಿಯಲ್ಲೇ, ಒಂದೊಂದು ಪದವನ್ನೂ ಬಿಡಿಸಿ ಹೇಳಿದೆ:

"ಪ್ರಯಾಣಿಕರ ಗಮನಕ್ಕೆ. ನಮ್ಮ ಮ್ಯಾನೇಜರವರು ತಳ್ಳುಗಾಡಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕಾಗಿ ಅಗ್ನಿಶಾಮಕ ಗಾಡಿಯ ನೀರನ್ನೆಲ್ಲ ಖರ್ಚು ಮಾಡಿರುವ ಕಾರಣ, ಇಂದಿನ ವಿಮಾನ ಇಲ್ಲಿ ಇಳಿಯದೆ ಹಿಂದಿರುಗಿದೆ. ನಿಮಗಾದ ಅನನುಕೂಲಕ್ಕೆ ಅವರಿಗೆ ನಾಚಿಕೆಯಾಗಬೇಕು."

ಮೈಕಿನ ವಯರು ಕಿತ್ತರು. ಹಿಂದೆ ಜನ ಕೂಗಾಡುವುದು ಕೇಳಿಸುತ್ತಿತ್ತು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು, ಹೋದರೆ ಹೋಗಲಿ. ಕೊರಳಿನ ಗುರುತಿನ ಚೀಟಿ ಬಿಚ್ಚಿ ಕೌಂಟರಿನ ಮೇಲೆ ಎಸೆದು, ಬೇಲಿಯ ಪಕ್ಕದ ದಾರಿಯಲ್ಲಿ ಮನೆಗೆ ಓಡಿದೆ.

ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ಇಳಿದಾಯ್ತು, ಬರ್ತಿದಾಳೆ ಅಂದ್ಬಿಟ್ಟಿದೀನಿ. ಬಾಗಿಲ ಕಡೆಗೇ ಮುಖ ಮಾಡಿದಾರೆ" ಎಂದು ಪಿಸುಗುಟ್ಟಿದರು. ಒಳಗೆ ಹೋದೆ. ಹೆಜ್ಜೆ ಸಪ್ಪಳಕ್ಕೆ ಅಮ್ಮ ತಲೆ ಎತ್ತಲು ನೋಡಿದಳು.

"ಯಾರದು?"

ನಾನು ಕಣಮ್ಮ, ಅವಳು ಬರಲಿಲ್ಲ ಎನ್ನಬೇಕು. ದಿನವೂ ಅಷ್ಟು ಸಲೀಸಾಗಿ ಹೇಳುತ್ತಿದ್ದ ಮಾತು. ಮಂಚದ ಪಕ್ಕ ಕೂತು, ಆ ಮನೆಯಲ್ಲಿ ಎಂದೂ ಆಡದ ಮೈಕಿನ ದನಿಯಲ್ಲಿ ಮೆತ್ತಗೆ ಹೇಳಿದೆ: "ಅಮ್ಮಾ, ಬಂದೆ."

ಅವಳ ಕೈ ಗಾಳಿಯಲ್ಲಿ ಹುಡುಕಿ ನನ್ನ ಕೆನ್ನೆಗೆ ಬಂತು. "ಬಂಗಾರೀ" ಎಂದಳು. ಇಡೀ ಬದುಕಿನಲ್ಲಿ ನನ್ನ ಕೆನ್ನೆಯನ್ನು ಅವಳು ಹಾಗೆ ಮುಟ್ಟಿರಲಿಲ್ಲ.

"ಯಾಕೆ ಅಷ್ಟು ಸುತ್ತು ಹಾಕಿದ್ರು?"

"ಮೇಲಿಂದ ನಮ್ಮನೆ ತೋರಿಸಿದ್ರಮ್ಮ."

"ಕಾಣ್ತಾ?"

"ಚೆನ್ನಾಗಿ ಕಾಣ್ತು."

ಉಸಿರು ಎಳೆಯುವುದೇ ದೊಡ್ಡ ಕೆಲಸವಾಗಿತ್ತು. ಆಮೇಲೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅವಳಿಲ್ವಾ ಇಲ್ಲಿ?"

"ಇಲ್ಲಮ್ಮ. ಕೆಲಸದಲ್ಲಿದಾಳೆ."

"ಬಾಯಿ ಜೋರು ಅವಳ್ದು. ಅವಳೇನಂದ್ರೂ ಮನಸ್ಸಿಗೆ ಹಚ್ಕೋಬೇಡ. ನಂದೆಲ್ಲಾ ಅವಳೇ ಮಾಡಿದ್ದು. ಒಂದಿನಾನೂ ಅಸಹ್ಯ ಪಟ್ಕೊಳ್ಲಿಲ್ಲ. ಹೇಳೋಣ ಅಂತ ಬಾಯಿ ತೆಗೆದ್ರೆ ಚಮಚ ತುರುಕ್ತಾಳೆ." ನಗಲು ಹೋಗಿ ಕೆಮ್ಮಿದಳು. "ನೀನಾದ್ರೂ ಹೇಳು ಅವಳಿಗೆ."

ಅತ್ತರೆ ದನಿ ಬದಲಾಗಿ ಸಿಕ್ಕಿಬೀಳುತ್ತಿದ್ದೆ. ಹಲ್ಲು ಕಚ್ಚಿ ತಡೆದುಕೊಂಡೆ.

"ಏನಂತ ಹೇಳ್ಲಮ್ಮ?"

"ಅಮ್ಮಂಗೆ ಎಲ್ಲಾ ಗೊತ್ತಿತ್ತು ಅಂತ."

"ಹೇಳ್ತೀನಿ."

"ಮರೀತೀಯ ನೀನು. ಅವಳು ಬಂದ ತಕ್ಷಣ ಹೇಳ್ಬೇಕು."

"ಇಲ್ಲಮ್ಮ, ಮರೆಯಲ್ಲ" ಎಂದೆ.